ವರ್ಷಕ್ಕೆ ಮೂವತ್ತೇಳು ದಿನ

ಮೇ 26ರಿಂದ ಜುಲೈ 1ರವರೆಗೆ ಬೆರಳು ಮಡಚಿ ಎಣಿಸಿದರೆ ಮೂವತ್ತೇಳು ದಿನ. ಮೆಡಿಟರೇನಿಯನ್ ಸಮುದ್ರದಲ್ಲಿ ಪರ್ಸೀನ್ ಬಲೆ ಹಾಕಿ ಬ್ಲೂಫಿನ್ ಟ್ಯೂನಾ ಹಿಡಿಯುವ ದೊಡ್ಡ ಬೋಟುಗಳಿಗೆ ವರ್ಷದಲ್ಲಿ ಸಿಗುವ ಅವಕಾಶ ಇಷ್ಟೇ. ಎಲ್ಲೋ ಒಂದೆರಡು ಮೂಲೆಗಳಿಗೆ ವಿನಾಯಿತಿ ಉಂಟು. ಮಿಕ್ಕವರು ಉಳಿದ 328 ದಿನ ಆ ಬಲೆಯನ್ನು ಸುತ್ತಿಟ್ಟಿರಬೇಕು.

ನಮ್ಮ ಮಲ್ಪೆ, ಮಂಗಳೂರು, ಕಾರವಾರದ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮಳೆಗಾಲದ ನಿಷೇಧ. ಆ 61 ದಿನಕ್ಕೇ ನಮ್ಮಲ್ಲಿ ಸಾಕಷ್ಟು ಗೊಣಗಾಟ ಇದೆ. ಅಲ್ಲಿಯವರಿಗೆ ವರ್ಷವೆಲ್ಲ ರಜೆ, ದುಡಿಮೆ ಒಂದು ತಿಂಗಳು ಚಿಲ್ಲರೆ. ಇನ್ನೊಂದು ವಿಚಿತ್ರವೂ ಇದೆ. ನಮ್ಮ ನಿಷೇಧಕ್ಕೆ ಹೇಳುವ ಮುಖ್ಯ ಕಾರಣ, ಅದು ಮೀನು ಮೊಟ್ಟೆಯಿಡುವ ಕಾಲ ಎಂಬುದು. ಮೆಡಿಟರೇನಿಯನ್‌ನಲ್ಲಿ ಬೇಟೆಯ ಬಾಗಿಲು ತೆರೆಯುವುದೇ ಮೀನು ಮೊಟ್ಟೆಯಿಡಲು ಬಂದು ಸೇರುವಾಗ. ಅಟ್ಲಾಂಟಿಕ್ ಸಾಗರದ ತುಂಬ ಚದುರಿಹೋಗಿರುವ ಬ್ಲೂಫಿನ್‌ಗಳು ಮೇ ತಿಂಗಳಲ್ಲಿ ಜಿಬ್ರಾಲ್ಟರ್ ಜಲಸಂಧಿ ದಾಟಿ ಒಳಗೆ ಬರುತ್ತವೆ. ನೀರು ಬೆಚ್ಚಗಾದಂತೆ ಬಾಲಿಯಾರಿಕ್ ದ್ವೀಪಗಳ ಸುತ್ತ, ಸಿಸಿಲಿಯ ಆಚೀಚೆ, ಮಾಲ್ಟಾದ ದಕ್ಷಿಣಕ್ಕೆ, ಸೈಪ್ರಸ್ ಕಡೆಗೆ ಹಿಂಡುಗಟ್ಟುತ್ತವೆ. ಬಲೆಗೆ ಒಟ್ಟಾಗಿ ಸಿಗುವುದು ಆಗ ಮಾತ್ರ. ಹೆರಿಗೆಗೆ ಬಂದ ಮೀನನ್ನು ಹಿಡಿಯಲು ಪರವಾನಗಿ ಕೊಟ್ಟೂ ಆ ಮೀನಿನ ಸಂತತಿ ಹೆಚ್ಚುವಂತೆ ಮಾಡಿದ್ದಾರೆ ಎಂದರೆ ನಂಬುವುದು ಕಷ್ಟ. ಆದರೆ ನಡೆದಿರುವುದು ಅದೇ.

ಮೊದಲು ಮೀನಿನ ಗಾತ್ರ ನೋಡೋಣ. ನಮ್ಮ ಕರಾವಳಿಯ ಮಾರುಕಟ್ಟೆಗೆ ಬರುವ ಕೇದರ ಇದೇ ಬಳಗದ ಚಿಕ್ಕ ನೆಂಟ. ಅದನ್ನು ಒಂದು ಕೈಯಲ್ಲಿ ಬಾಲ ಹಿಡಿದು ಎತ್ತಬಹುದು. 1979ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಗಾಳಕ್ಕೆ ಸಿಕ್ಕ ಅಟ್ಲಾಂಟಿಕ್ ಬ್ಲೂಫಿನ್ 679 ಕಿಲೊ ತೂಗಿತ್ತು. ಗಾಳಕ್ಕೆ ಸಿಕ್ಕ ಬ್ಲೂಫಿನ್ ದಾಖಲೆಗಳಲ್ಲಿ ಅದರದು ಇನ್ನೂ ಮೊದಲ ಸ್ಥಾನ. ಮೂರು ಮೀಟರ್ ದಾಟಿ ಬೆಳೆಯುವ ಈ ಮೀನು ಶುರುವಾಗುವುದು ಒಂದು ಮಿಲಿಮೀಟರ್ ಅಗಲದ ಮೊಟ್ಟೆಯಿಂದ. ಅಷ್ಟು ಅಗಲದ ಹನಿಯ ತೂಕ ಸುಮಾರು ಅರ್ಧ ಮಿಲಿಗ್ರಾಂ. ಆ ಲೆಕ್ಕದಲ್ಲಿ 300 ಕಿಲೊದ ಮೀನು ತನ್ನ ಮೊಟ್ಟೆಗಿಂತ ಅರವತ್ತು ಕೋಟಿ ಪಟ್ಟು ಭಾರ. ಅಂಥ ಹೆಣ್ಣು ಮೀನು ಒಂದು ಋತುವಿನಲ್ಲಿ ಇಡುವ ಮೊಟ್ಟೆಗಳು ಕೋಟಿಯ ಲೆಕ್ಕದಲ್ಲಿ. ಎರಡು ದಿನದಲ್ಲಿ ಒಡೆಯುತ್ತವೆ. ಬಹುತೇಕ ಎಲ್ಲವೂ ಯಾರದೋ ಹೊಟ್ಟೆ ಸೇರುತ್ತವೆ, ತಮ್ಮದೇ ಜಾತಿಯವರ ಹೊಟ್ಟೆಯೂ ಸೇರಿದಂತೆ.

ಮೀನೆಂದರೆ ತಣ್ಣನೆ ರಕ್ತ ಎಂದು ಶಾಲೆಯಲ್ಲಿ ಕಲಿತದ್ದು ಇಲ್ಲಿ ಅರ್ಧ ಸತ್ಯ. ಬ್ಲೂಫಿನ್ ತನ್ನ ಸ್ನಾಯುಗಳಲ್ಲಿ ಹುಟ್ಟುವ ಶಾಖವನ್ನು ಕಿವಿರಿನ ಮೂಲಕ ನೀರಿಗೆ ಬಿಟ್ಟುಕೊಡದೆ ಉಳಿಸಿಕೊಳ್ಳುತ್ತದೆ. ಒಳಹೋಗುವ ತಂಪು ರಕ್ತದ ನಾಳಗಳೂ ಹೊರಬರುವ ಬಿಸಿ ರಕ್ತದ ನಾಳಗಳೂ ಒಂದಕ್ಕೊಂದು ಒತ್ತಿಕೊಂಡು ಹೆಣೆದಿರುವುದರಿಂದ ಶಾಖ ಒಳಗೇ ಸುತ್ತುತ್ತಿರುತ್ತದೆ. ಹಾಗಾಗಿ ಐಸ್‌ಲ್ಯಾಂಡಿನ ಚಳಿನೀರಿನಲ್ಲೂ ಇದಕ್ಕೆ ಓಡಾಟ ಸಲೀಸು. ನಿಂತರೆ ಉಸಿರು ಕಟ್ಟುತ್ತದೆ, ಆದ್ದರಿಂದ ಹುಟ್ಟಿದಂದಿನಿಂದ ಸಾಯುವವರೆಗೆ ಈಜುತ್ತಲೇ ಇರಬೇಕು. ಮೈಗೆ ಉಪಕರಣ ಕಟ್ಟಿ ಬಿಟ್ಟ ಮೀನುಗಳು ಅಟ್ಲಾಂಟಿಕ್ ಸಾಗರವನ್ನು ಅರವತ್ತು ದಿನದೊಳಗೆ ದಾಟಿದ್ದುಂಟು. ಹೀಗೆ ಎರಡು ಖಂಡಗಳ ನಡುವೆ ಓಡಾಡುವ ಪ್ರಾಣಿ ಯಾವ ದೇಶದ ಆಸ್ತಿ? ಮೊರಾಕೊದವರು ಉಳಿಸಿದ್ದನ್ನು ಇಟಲಿಯವರು ಹಿಡಿಯಬಹುದು, ಇಟಲಿಯವರು ಬಿಟ್ಟದ್ದನ್ನು ಲಿಬಿಯಾದವರು ಹಿಡಿಯಬಹುದು. ಆದ್ದರಿಂದ ಎಲ್ಲರೂ ಸೇರಿ ಒಂದು ಸಂಖ್ಯೆಗೆ ಒಪ್ಪಬೇಕು. ಅದಕ್ಕೆಂದೇ 1966ರಲ್ಲಿ ರಿಯೊ ಡಿ ಜನೈರೊದಲ್ಲಿ ಸಹಿ ಬಿದ್ದ ಒಪ್ಪಂದದಿಂದ ಅಟ್ಲಾಂಟಿಕ್ ಟ್ಯೂನಾ ಆಯೋಗ ಹುಟ್ಟಿತು. ಇಕ್ಯಾಟ್ ಎಂದು ಕರೆಯುತ್ತಾರೆ, ಕಚೇರಿ ಮ್ಯಾಡ್ರಿಡ್‌ನಲ್ಲಿ. ವರ್ಷಕ್ಕೆ ಇಷ್ಟು ಟನ್, ಇಂಥ ದೇಶಕ್ಕೆ ಇಷ್ಟು ಪಾಲು ಎಂದು ಕೋಟಾ ಹಂಚುವುದು ಈ ಆಯೋಗ.

ಆಗ ಉತ್ತರ ಅಮೆರಿಕದಲ್ಲಿ ಬ್ಲೂಫಿನ್‌ಗೆ ಬೆಲೆಯೇ ಇರಲಿಲ್ಲ. ಮೋಜಿಗೆ ಗಾಳ ಹಾಕುವವರು ಹಿಡಿದು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಬಿಸಾಡುತ್ತಿದ್ದರು. ಸಾಕುಪ್ರಾಣಿಗಳ ಆಹಾರಕ್ಕೂ ಹೋಗುತ್ತಿತ್ತು. ಜಪಾನಿನಿಂದ ಕ್ಯಾಮೆರಾ, ರೇಡಿಯೊ ತುಂಬಿಕೊಂಡು ಬರುತ್ತಿದ್ದ ಸರಕು ವಿಮಾನಗಳು ವಾಪಸು ಹೋಗುವಾಗ ಖಾಲಿ. ಆ ಖಾಲಿ ಜಾಗಕ್ಕೆ ಏನು ತುಂಬೋಣ ಎಂದು ಜಪಾನ್ ಏರ್‌ಲೈನ್ಸ್‌ನವರು ಹುಡುಕಾಡಿ, 1972ರ ಆಗಸ್ಟಿನಲ್ಲಿ ಕೆನಡಾದ ಬ್ಲೂಫಿನ್‌ಗಳನ್ನು ಟೋಕಿಯೊದ ತ್ಸುಕಿಜಿ ಮಾರುಕಟ್ಟೆಯ ಹರಾಜಿಗೆ ತಂದಿಳಿಸಿದರು. ಅಲ್ಲಿಂದ ಬೆಲೆ ಹತ್ತತೊಡಗಿತು. 2019ರ ಜನವರಿ 5ರಂದು ಟೋಕಿಯೊದ ಹೊಸ ಮಾರುಕಟ್ಟೆ ತೊಯೊಸುವಿನಲ್ಲಿ ವರ್ಷದ ಮೊದಲ ಹರಾಜು ನಡೆದಾಗ 278 ಕಿಲೊದ ಒಂದು ಬ್ಲೂಫಿನ್ 33 ಕೋಟಿ 36 ಲಕ್ಷ ಯೆನ್‌ಗೆ ಹೋಯಿತು. ಇದು ಪೆಸಿಫಿಕ್‌ನ ಬ್ಲೂಫಿನ್, ಅಟ್ಲಾಂಟಿಕ್‌ನದಕ್ಕೆ ದಾಯಾದಿ. ಕಿಲೊಗೆ ಹನ್ನೆರಡು ಲಕ್ಷ ಯೆನ್. ಕೊಂಡವರು ಕಿಯೊಶಿ ಕಿಮುರಾ ಎಂಬ ಸುಶಿ ಹೋಟೆಲುಗಳ ಮಾಲೀಕರು. ಹೊಸ ವರ್ಷದ ಹರಾಜಿನ ಬೆಲೆಯಲ್ಲಿ ಮೀನಿಗಿಂತ ಜಾಹೀರಾತಿನ ಪಾಲೇ ಹೆಚ್ಚು ಎಂಬುದು ನಿಜ. ಮಾರನೆಯ ದಿನವೇ ಬೆಲೆ ನೆಲಕ್ಕಿಳಿಯುತ್ತದೆ. ಆದರೂ ಇಂಥ ಸುದ್ದಿ ಕೇಳಿದ ಬೋಟಿನವನ ಮನಸ್ಸಿನಲ್ಲಿ ಏನು ಓಡುತ್ತದೆ ಎಂದು ಊಹಿಸಬಹುದು.

ಏರುವ ಬೆಲೆಯ ಹಿಂದೆ ಓಡಿದ್ದರ ಫಲ 2007ರ ಹೊತ್ತಿಗೇ ಕಂಡಿತ್ತು. ಆ ವರ್ಷ ಪೂರ್ವ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ಗೆ ವಿಜ್ಞಾನಿಗಳು ಹೇಳಿದ್ದು 15,000 ಟನ್ ದಾಟಬೇಡಿ ಎಂದು. ಆಯೋಗ ಕೊಟ್ಟದ್ದು 29,500 ಟನ್. ಸಮುದ್ರದಿಂದ ಹೊರಬಂದದ್ದು ಎಷ್ಟೆಂದು ಆಮೇಲೆ ವಿಜ್ಞಾನಿಗಳು ಬೋಟುಗಳ ಸಾಮರ್ಥ್ಯ, ಮಾರುಕಟ್ಟೆಯ ದಾಖಲೆ ಹಿಡಿದು ಅಂದಾಜು ಮಾಡಿದರೆ ಬಂದ ಸಂಖ್ಯೆ 61,000 ಟನ್! ಹೇಳಿದ್ದರ ಎರಡರಷ್ಟನ್ನು ಬರೆದುಕೊಂಡು, ಬರೆದುಕೊಂಡದ್ದರ ಎರಡರಷ್ಟನ್ನು ಹಿಡಿದಿದ್ದರು. ಕಾಗದದಲ್ಲಿ ಒಂದು ಮೀನು ಸಾಯುತ್ತಿದ್ದಾಗ ನೀರಿನಲ್ಲಿ ಎರಡು ಸಾಯುತ್ತಿದ್ದವು. ಮರುವರ್ಷ ಆಯೋಗ ತಾನೇ ನೇಮಿಸಿಕೊಂಡ ಸ್ವತಂತ್ರ ಪರಿಶೀಲಕರು ಈ ಮೀನುಗಾರಿಕೆಯ ಉಸ್ತುವಾರಿ ಅಂತರರಾಷ್ಟ್ರೀಯ ಮಟ್ಟದ ನಾಚಿಕೆಗೇಡು ಎಂಬರ್ಥದ ಮಾತನ್ನು ವರದಿಯಲ್ಲೇ ಬರೆದರು. ಸರಕಾರಿ ವರದಿಗಳ ಭಾಷೆ ಗೊತ್ತಿದ್ದವರಿಗೆ ಇದು ಎಂಥ ಬೈಗುಳ ಎಂದು ತಿಳಿಯುತ್ತದೆ.

2010ರ ಮಾರ್ಚಿನಲ್ಲಿ ವಿಷಯ ದೋಹಾಕ್ಕೆ ಹೋಯಿತು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಸಭೆ ಅಲ್ಲಿ ಸೇರಿತ್ತು. ಅಟ್ಲಾಂಟಿಕ್ ಬ್ಲೂಫಿನ್‌ನ ಅಂತರರಾಷ್ಟ್ರೀಯ ಮಾರಾಟವನ್ನೇ ನಿಷೇಧಿಸಿ ಎಂದು ಕೇಳಿದ್ದು ಮೊನಾಕೊ, ಎರಡು ಚದರ ಕಿಲೊಮೀಟರಿನಷ್ಟು ನೆಲವಿರುವ ದೇಶ. ಮತದಾನದ ಹಿಂದಿನ ರಾತ್ರಿ ಜಪಾನಿನ ರಾಯಭಾರ ಕಚೇರಿಯ ಔತಣದಲ್ಲಿ ಬ್ಲೂಫಿನ್ ಸುಶಿ ಬಡಿಸಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಪರವಾಗಿ 20, ವಿರುದ್ಧ 68, ತಟಸ್ಥ 30. ಅಲ್ಲಿಗೆ ನಿಷೇಧದ ಮಾತು ಮುಗಿಯಿತು.

ಆದರೆ ಆ ಹೆದರಿಕೆ ಕೆಲಸ ಮಾಡಿತ್ತು. ತನ್ನ ಕೈಯಿಂದ ಮೀನೇ ಜಾರಿಹೋಗುತ್ತದೆ ಎಂದು ಕಂಡ ಆಯೋಗ 2010ಕ್ಕೆ ಕೋಟಾವನ್ನು 13,500 ಟನ್‌ಗೆ ಇಳಿಸಿತ್ತು, ಮರುವರ್ಷ 12,900. ಬೇಟೆಯ ಕಾಲವನ್ನು ಒಂದು ತಿಂಗಳಿಗೆ ಕತ್ತರಿಸಿತು. ಹಿಂಡು ಹುಡುಕಲು ಬಳಸುತ್ತಿದ್ದ ವಿಮಾನಗಳಿಗೆ ಆಗಲೇ ನಿಷೇಧ ಬಿದ್ದಿತ್ತು. 30 ಕಿಲೊಗಿಂತ ಚಿಕ್ಕ ಮೀನನ್ನು, ಅಲ್ಪಸ್ವಲ್ಪ ವಿನಾಯಿತಿ ಬಿಟ್ಟು, ಹಿಡಿಯುವಂತಿಲ್ಲ. ಯುರೋಪಿನಲ್ಲಿ ಹೆಚ್ಚಾದ ಬೋಟುಗಳನ್ನು ಪರಿಹಾರ ಕೊಟ್ಟು ಗುಜರಿಗೆ ಹಾಕಿಸಿದರು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಆ ಮೂವತ್ತೇಳು ದಿನಗಳಲ್ಲಿ ಮೀನನ್ನು ಎಣಿಸುವ ಬಗೆ. ಪರ್ಸೀನ್ ಬಲೆ ನಮ್ಮ ಕರಾವಳಿಗೆ ಹೊಸದಲ್ಲ. 1970ರ ದಶಕದ ನಡುವೆ ಅದು ಬಂದಾಗ ರಂಪಣಿ ಬಲೆಯವರಿಗೂ ಪರ್ಸೀನ್ ಮಾಲೀಕರಿಗೂ ಆದ ಜಗಳವನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಹಿಂಡಿನ ಸುತ್ತ ಗೋಡೆಯ ಹಾಗೆ ಬಲೆ ಬಿಟ್ಟು, ಅಡಿಯ ಹಗ್ಗವನ್ನು ಬಿಗಿದು, ಮೀನನ್ನು ಮೇಲೆತ್ತುವುದು ನಾವು ಕಂಡ ಕ್ರಮ. ಮೆಡಿಟರೇನಿಯನ್‌ನಲ್ಲಿ ಬ್ಲೂಫಿನ್ ಹಿಡಿದರೆ ಮೇಲೆತ್ತುವುದಿಲ್ಲ. ಬಲೆಯ ಪಕ್ಕಕ್ಕೆ ಇನ್ನೊಂದು ದೊಡ್ಡ ಬಲೆಪಂಜರವನ್ನು ತಂದು, ಎರಡರ ನಡುವೆ ಬಾಗಿಲು ಹೊಲಿದು, ಮೀನನ್ನು ಜೀವಂತವಾಗಿ ಅದರೊಳಗೆ ದಾಟಿಸುತ್ತಾರೆ. ಮುಳುಗುಗಾರ ನೀರಿನೊಳಗಿದ್ದು ವಿಡಿಯೊ ಮಾಡಬೇಕು, ಬಾಗಿಲು ತೆರೆದಲ್ಲಿಂದ ಮುಚ್ಚುವವರೆಗೆ ಒಂದು ಕ್ಷಣವೂ ಕತ್ತರಿಸದೆ. ಬೋಟಿನ ಮೇಲೆ ಆಯೋಗದ ವೀಕ್ಷಕ ಇರಲೇಬೇಕು, ಆತ ಬೇರೆಯಾಗಿ ಎಣಿಸುತ್ತಾನೆ. ಎರಡು ಎಣಿಕೆಗಳ ನಡುವಿನ ವ್ಯತ್ಯಾಸ ಹತ್ತು ಶೇಕಡ ದಾಟಿದರೆ ತನಿಖೆ.

ಅಲ್ಲಿಂದ ಆ ಪಂಜರವನ್ನು ಟಗ್ ಬೋಟು ಎಳೆದುಕೊಂಡು ಹೊರಡುತ್ತದೆ. ಗಂಟೆಗೆ ಎರಡು ಕಿಲೊಮೀಟರಿನ ಆಸುಪಾಸು ವೇಗ, ಊರ ಜಾತ್ರೆಯ ತೇರು ಎಳೆದಂತೆ. ಜೋರಾಗಿ ಎಳೆದರೆ ಬಲೆ ಮಡಿಚಿಕೊಂಡು ಒಳಗಿನ ಮೀನು ಸಾಯುತ್ತದೆ. ವಾರಗಟ್ಟಲೆ ಹೀಗೆ ತೇಲುತ್ತ ಮಾಲ್ಟಾದ ಅಥವಾ ಸ್ಪೇನಿನ ಮುರ್ಸಿಯಾ ಕರಾವಳಿಯ ಸಾಕಣೆ ಕೇಂದ್ರ ತಲುಪಿದ ಮೇಲೆ ಇನ್ನೊಮ್ಮೆ ಎಣಿಕೆ. ಈ ಸಲ ಜೋಡಿ ಕಣ್ಣಿನ ಕ್ಯಾಮೆರಾ. ಎರಡು ಕೋನಗಳಿಂದ ಚಿತ್ರ ತೆಗೆದು ಮಾದರಿ ಮೀನುಗಳ ಉದ್ದ ಅಳೆದು, ಉದ್ದದಿಂದ ತೂಕ ಲೆಕ್ಕ ಹಾಕುತ್ತದೆ. ಕೋಟಾಕ್ಕಿಂತ ಹೆಚ್ಚು ಕಂಡರೆ ಹೆಚ್ಚಾದಷ್ಟನ್ನು ಸಮುದ್ರಕ್ಕೆ ಬಿಡಬೇಕು. ಉಳಿದವುಗಳಿಗೆ ಬಂಗುಡೆ, ಬೂತಾಯಿ ಜಾತಿಯ ಮೀನು ತಿನ್ನಿಸಿ ತಿಂಗಳುಗಟ್ಟಲೆ ಕೊಬ್ಬಿಸುತ್ತಾರೆ. ಒಂದು ಕಿಲೊ ಮೈ ಹತ್ತಲು ಹತ್ತು ಕಿಲೊಗೂ ಹೆಚ್ಚು ಮೀನು ಬೇಕು. ಆಮೇಲೆ ಕೊಂದು, ಹೆಚ್ಚಿನದನ್ನು ಜಪಾನಿಗೆ ಕಳಿಸುತ್ತಾರೆ. ಬಲೆಯಿಂದ ಗಿರಾಕಿಯವರೆಗೆ ಪ್ರತಿ ಮೀನಿನ ಹಿಂದೆಯೂ ಒಂದು ವಿದ್ಯುನ್ಮಾನ ಜಾತಕ ಓಡಬೇಕು. ನಮ್ಮಲ್ಲಿ ಎಷ್ಟೋ ಜನರ ಜಮೀನಿಗೆ ಇಷ್ಟು ಅಚ್ಚುಕಟ್ಟಾದ ದಾಖಲೆ ಇಲ್ಲ.

ಫಲ ಏನಾಯಿತು? ಮೀನು ವಾಪಸು ಬಂತು. ಅದೂ ವಿಜ್ಞಾನಿಗಳೇ ತಬ್ಬಿಬ್ಬಾಗುವಷ್ಟು ಬೇಗ. ಕೋಟಾ 2015ರಲ್ಲಿ 16,142 ಟನ್‌ಗೆ ಏರಿತು, 2018ರಲ್ಲಿ 28,200, 2020ರಲ್ಲಿ 36,000, 2023ರಲ್ಲಿ 40,570. 2007ರಲ್ಲಿ ಅರ್ಧ ಕಳ್ಳತನದಿಂದ ಹಿಡಿದ ಮೀನಿನ ಮೂರನೇ ಎರಡು ಭಾಗವನ್ನು 2023ರಲ್ಲಿ ಲೆಕ್ಕಬದ್ಧವಾಗಿ ಹಿಡಿಯುವಂತಾಯಿತು, ಸಂತತಿಯೂ ಕುಗ್ಗಲಿಲ್ಲ. 2011ರಲ್ಲಿ ‘ಅಪಾಯದಲ್ಲಿದೆ’ ಎಂಬ ಪಟ್ಟಿಗೆ ಹಾಕಿದ್ದ ಪ್ರಕೃತಿ ಸಂರಕ್ಷಣೆಯ ಐಯುಸಿಎನ್ ಸಂಸ್ಥೆ 2021ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಕ್ ಬ್ಲೂಫಿನ್ ಅನ್ನು ಸದ್ಯಕ್ಕೆ ಚಿಂತೆ ಬೇಡದ ಜೀವಿಗಳ ಸಾಲಿಗೆ ತಂದಿತು. ದಶಕಗಳಿಂದ ಮುಖ ತೋರಿಸದಿದ್ದ ಬ್ರಿಟನ್ನಿನ ದಕ್ಷಿಣ ಕರಾವಳಿಯಲ್ಲಿ ಮತ್ತೆ ಬ್ಲೂಫಿನ್ ನೆಗೆಯತೊಡಗಿತು. 2023ರಲ್ಲಿ ಅಲ್ಲಿನ ಸರಕಾರ ಪ್ರಯೋಗಕ್ಕೆಂದು 10 ಬೋಟುಗಳಿಗೆ ಒಟ್ಟು 39 ಟನ್ ಕೊಟ್ಟಿತು. ಆ ವರ್ಷದ ಕೋಟಾದಲ್ಲಿ ಇದು ಸಾವಿರಕ್ಕೆ ಒಂದರಷ್ಟೂ ಇಲ್ಲ, ಆದರೂ ಅದಕ್ಕೇ ಬೋಟಿನವರ ನಡುವೆ ಪೈಪೋಟಿ.

ಎಲ್ಲವೂ ಸರಿಹೋಯಿತು ಎನ್ನಲು ಬಾರದು. 2018ರಲ್ಲಿ ಸ್ಪೇನಿನ ಸಿವಿಲ್ ಗಾರ್ಡ್ ಮತ್ತು ಯುರೋಪೋಲ್ ಸೇರಿ ನಡೆಸಿದ ಟ್ಯಾರಂಟೆಲೊ ಎಂಬ ಕಾರ್ಯಾಚರಣೆಯಲ್ಲಿ 79 ಮಂದಿಯನ್ನು ಬಂಧಿಸಿ 80 ಟನ್‌ಗೂ ಹೆಚ್ಚು ಬ್ಲೂಫಿನ್ ವಶಪಡಿಸಿಕೊಂಡರು. ಲೆಕ್ಕಕ್ಕೆ ಸಿಗದ ಮೀನು ಇಟಲಿ, ಮಾಲ್ಟಾ ಕಡೆಯಿಂದ ಬಂದು, ಲೆಕ್ಕದಲ್ಲಿರುವ ಮೀನಿನ ಕಾಗದವನ್ನೇ ಮತ್ತೊಮ್ಮೆ ಬಳಸಿಕೊಂಡು ಸ್ಪೇನಿನ ಮಾರುಕಟ್ಟೆ ಸೇರುತ್ತಿತ್ತು. ದಕ್ಷಿಣ ಗೋಳಾರ್ಧದ ಕಥೆ ಇನ್ನೂ ದೊಡ್ಡದು. ಅಲ್ಲಿಯ ದಕ್ಷಿಣ ಬ್ಲೂಫಿನ್ ಬೇರೆಯದೇ ಜಾತಿ. ಜಪಾನ್ ಇಪ್ಪತ್ತು ವರ್ಷದಲ್ಲಿ ತನ್ನ ಪಾಲು ಮೀರಿ ಹಿಡಿದದ್ದು ಸುಮಾರು 1,78,000 ಟನ್ ಇರಬಹುದೆಂಬ ಅಂದಾಜು 2006ರಲ್ಲಿ ಹೊರಬಿತ್ತು. ಜಪಾನಿನ ಮಾರುಕಟ್ಟೆಗಳಲ್ಲಿ ಮಾರಾಟವಾದ ಮೀನಿಗೂ ಸಮುದ್ರದಲ್ಲಿ ಹಿಡಿದೆವೆಂದು ಬರೆದುಕೊಟ್ಟ ಮೀನಿಗೂ ತಾಳೆಯಾಗದೆ ಈ ಗುಟ್ಟು ಬಯಲಾದದ್ದು. ಶಿಕ್ಷೆಯಾಗಿ ಜಪಾನಿನ ಕೋಟಾ 6,065 ಟನ್‌ನಿಂದ 3,000ಕ್ಕೆ ಇಳಿಯಿತು. ಮೀನು ಸತ್ತ ಮೇಲೂ ಸಾಕ್ಷಿ ಹೇಳುವ ಜಾಗವೆಂದರೆ ಸಂತೆ.

ಇಷ್ಟು ಹೊತ್ತು ಹೇಳಿದ್ದು ಶ್ರೀಮಂತರ ತಟ್ಟೆಯ ಮೀನಿನ ಕಥೆ. ಜಗತ್ತಿನ ಟ್ಯೂನಾ ಲೆಕ್ಕದಲ್ಲಿ ಬ್ಲೂಫಿನ್ ಶೇಕಡ ಎರಡನ್ನೂ ಮುಟ್ಟುವುದಿಲ್ಲ. ವರ್ಷಕ್ಕೆ ಐವತ್ತು ಲಕ್ಷ ಟನ್ ಟ್ಯೂನಾ ಸಮುದ್ರದಿಂದ ಹೊರಬರುತ್ತದೆ. 1950ರಲ್ಲಿ ಅದು ಆರು ಲಕ್ಷ ಟನ್ ಒಳಗಿತ್ತು. ಅರ್ಧಕ್ಕಿಂತ ಹೆಚ್ಚು ಸ್ಕಿಪ್‌ಜಾಕ್, ಡಬ್ಬಿಯಲ್ಲಿ ತುಂಬಿ ಮಾರುವ ಮೀನು. ಒಂದಕ್ಕೆ ಮೂರು ಕಿಲೊ ಎಂದು ಹಿಡಿದರೂ ವರ್ಷಕ್ಕೆ ತೊಂಬತ್ತು ಕೋಟಿ ಸ್ಕಿಪ್‌ಜಾಕ್ ಆಯಿತು. ಹಗಲೂ ರಾತ್ರಿ ಸೆಕೆಂಡಿಗೆ ಇಪ್ಪತ್ತೆಂಟು. ಅರವತ್ತು ವರ್ಷಗಳಿಂದ ಹೀಗೆ ಏರುತ್ತ ಬಂದರೂ ಸ್ಕಿಪ್‌ಜಾಕ್ ಬತ್ತಿಲ್ಲ. ವರ್ಷ ತುಂಬುವುದರೊಳಗೇ ಮೊಟ್ಟೆಯಿಡಲು ತಯಾರಾಗುವ, ಬಿಸಿನೀರಿನಲ್ಲಿ ವರ್ಷವಿಡೀ ಮೊಟ್ಟೆಯಿಡುವ ಮೀನು ಅದು. ತೊಂದರೆ ಇರುವುದು ಅದರ ಜೊತೆಗಾರರಿಗೆ.

ಈ ಜೊತೆಗಾರರ ವಿಷಯಕ್ಕೆ ಬರುವ ಮೊದಲು ಪೆಸಿಫಿಕ್‌ನ ಮಧ್ಯಕ್ಕೆ ಹೋಗಬೇಕು. ಕಿರಿಬಾಸ್ ಎಂಬ ದ್ವೀಪದೇಶದ ನೆಲ 811 ಚದರ ಕಿಲೊಮೀಟರ್. ಬೆಂಗಳೂರು ಮಹಾನಗರವನ್ನು ಸ್ವಲ್ಪ ಹಿಗ್ಗಿಸಿದರೆ ಅಷ್ಟಾಗುತ್ತದೆ. ಜನ ಒಂದು ಲಕ್ಷ ಇಪ್ಪತ್ತು ಸಾವಿರ. ಆದರೆ ಅದರ ಹಕ್ಕಿನ ಸಮುದ್ರ 34 ಲಕ್ಷ ಚದರ ಕಿಲೊಮೀಟರಿಗೂ ಹೆಚ್ಚು, ಇಡೀ ಭಾರತದ ನೆಲಕ್ಕಿಂತ ದೊಡ್ಡದು. ತುವಾಲು ಎಂಬ ಇನ್ನೊಂದು ದೇಶದ ನೆಲ ಬರೀ 26 ಚದರ ಕಿಲೊಮೀಟರ್. ಇಂಥ ಏಳು ದೇಶಗಳು 1982ರಲ್ಲಿ ನೌರು ದ್ವೀಪದ ಹೆಸರಿನಲ್ಲಿ ಒಂದು ಒಪ್ಪಂದ ಮಾಡಿಕೊಂಡವು, ತುವಾಲು ಆಮೇಲೆ ಸೇರಿ ಒಟ್ಟು ಎಂಟಾದವು. ಕಿರಿಬಾಸ್, ತುವಾಲು, ನೌರು, ಪಲಾವು, ಮಾರ್ಷಲ್ ದ್ವೀಪಗಳು, ಮೈಕ್ರೊನೇಷ್ಯಾ, ಸೊಲೊಮನ್ ದ್ವೀಪಗಳು, ಪಪುವಾ ನ್ಯೂಗಿನಿ. ಅವುಗಳ ನೀರಿನಲ್ಲಿ ಮೀನು ಹಿಡಿಯುತ್ತಿದ್ದವರು ಜಪಾನ್, ತೈವಾನ್, ಕೊರಿಯಾ, ಅಮೆರಿಕದವರು. ದ್ವೀಪಗಳಿಗೆ ಸಿಗುತ್ತಿದ್ದದ್ದು ಚಿಲ್ಲರೆ ಕಾಸು.

ಇಷ್ಟು ನೀರಿನಲ್ಲಿ ಟನ್ನಿನ ಲೆಕ್ಕ ಹಿಡಿಯಲು ಹೋದರೆ ಮೋಸ ಖಂಡಿತ. ಅದನ್ನು ಅರಿತ ಈ ದೇಶಗಳು ಮೀನನ್ನು ಎಣಿಸುವುದನ್ನೇ ಕೈಬಿಟ್ಟು ದಿನಗಳನ್ನು ಮಾರತೊಡಗಿದವು. 2007ರ ಕೊನೆಯಿಂದ ನಡೆದುಬಂದಿರುವ ಕ್ರಮ ಹೀಗಿದೆ: ವರ್ಷಕ್ಕೆ ಒಟ್ಟು ಸುಮಾರು ನಲವತ್ತೈದು ಸಾವಿರ ‘ಬೋಟು-ದಿನ’. ಅವನ್ನು ದೇಶಗಳು ಹಂಚಿಕೊಳ್ಳುತ್ತವೆ, ಬೇಕಾದವರಿಗೆ ಮಾರುತ್ತವೆ, ತಮ್ಮತಮ್ಮಲ್ಲೇ ಕೈ ಬದಲಾಯಿಸಿಕೊಳ್ಳುತ್ತವೆ. ಐವತ್ತು ಮೀಟರಿಗಿಂತ ಚಿಕ್ಕ ಹಡಗು ಒಂದು ದಿನ ಇದ್ದರೆ ಅರ್ಧ ದಿನವೆಂದು ಲೆಕ್ಕ. ಎಂಬತ್ತು ಮೀಟರ್ ದಾಟಿದ್ದಕ್ಕೆ ಒಂದೂವರೆ. ಹಿಂಡು ಹುಡುಕುತ್ತ ಖಾಲಿ ಅಲೆದರೂ ದಿನ ಖರ್ಚಾದಂತೆಯೇ; ಮೀನು ಸಿಗಲಿಲ್ಲ ಎಂಬ ನೆಪ ಇಲ್ಲಿ ನಡೆಯದು. ಒಂದು ದಿನಕ್ಕೆ ಕನಿಷ್ಠ ಬೆಲೆ 2015ರಿಂದ 8,000 ಡಾಲರ್, ಹರಾಜಿನಲ್ಲಿ ಇನ್ನೂ ಹೆಚ್ಚು. ಬೋಟು ಎಲ್ಲಿದೆ ಎಂದು ಉಪಗ್ರಹ ಹೇಳುತ್ತದೆ, ಬೋಟಿನೊಳಗೆ ವೀಕ್ಷಕ ಇರುತ್ತಾನೆ. 2010ರಲ್ಲಿ ಆರು ಕೋಟಿ ಡಾಲರಿನಷ್ಟಿದ್ದ ಇವರ ಆದಾಯ ಹತ್ತು ವರ್ಷದೊಳಗೆ ಐವತ್ತು ಕೋಟಿಯ ಹತ್ತಿರ ಹೋಯಿತು. ಕಿರಿಬಾಸ್ ಸರಕಾರದ ಆದಾಯದಲ್ಲಿ ಕೆಲವು ವರ್ಷ ನೂರಕ್ಕೆ ಎಪ್ಪತ್ತು ಭಾಗ ಬಂದದ್ದು ಈ ದಿನಗಳ ಮಾರಾಟದಿಂದ. ತೆಂಗು ಬಿಟ್ಟರೆ ಹೇಳಿಕೊಳ್ಳುವ ಬೆಳೆಯಿಲ್ಲದ ನೆಲ ಕ್ಯಾಲೆಂಡರಿನ ಹಾಳೆಗಳನ್ನು ಬೆಳೆದು ಮಾರಿತು.

ಈಗ ಜೊತೆಗಾರರು. ತೆರೆದ ಸಮುದ್ರದಲ್ಲಿ ಒಂದು ಮರದ ತುಂಡು ತೇಲುತ್ತಿದ್ದರೆ ಅದರಡಿ ಮೀನು ಸೇರುತ್ತದೆ. ಏಕೆ ಎಂಬ ಚರ್ಚೆ ಇನ್ನೂ ನಡೆದಿದೆ. ಮೀನುಗಾರರು ಚರ್ಚೆಗೆ ಕಾಯದೆ ತಾವೇ ತೆಪ್ಪ ಕಟ್ಟಿ ಬಿಡತೊಡಗಿದರು. ಬಿದಿರಿನ ಚೌಕಟ್ಟು, ಕೆಳಗೆ ಐವತ್ತು ಅರವತ್ತು ಮೀಟರ್ ಇಳಿಬಿದ್ದ ಹಳೆ ಬಲೆ, ಮೇಲೊಂದು ಸೌರಶಕ್ತಿಯ ತೇಲುಬುಂಡೆ. ಅದರಡಿ ಎಷ್ಟು ಟನ್ ಮೀನು ನಿಂತಿದೆ ಎಂದು ಬುಂಡೆಯೊಳಗಿನ ಸೋನಾರ್ ಅಳೆದು ಉಪಗ್ರಹದ ಮೂಲಕ ಕಪ್ತಾನನಿಗೆ ಸಂದೇಶ ಕಳಿಸುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಇಂಥ ತೆಪ್ಪಗಳು ಲಕ್ಷದ ಆಸುಪಾಸು ನೀರಿಗಿಳಿಯುತ್ತವೆ ಎಂಬ ಅಂದಾಜಿದೆ. ತೊಂದರೆಯೆಂದರೆ, ತೆಪ್ಪದಡಿ ಸ್ಕಿಪ್‌ಜಾಕ್ ಜೊತೆಗೆ ಬಿಗ್‌ಐ ಮತ್ತು ಯೆಲ್ಲೋಫಿನ್ ಟ್ಯೂನಾಗಳ ಮರಿಗಳೂ ನಿಲ್ಲುತ್ತವೆ. ಬೆಳೆದರೆ ನೂರು ಕಿಲೊ ದಾಟುವ ಮೀನನ್ನು ಮೂರು ನಾಲ್ಕು ಕಿಲೊ ಇರುವಾಗಲೇ ಡಬ್ಬಿಗೆ ತುಂಬುವುದು ಅವಿವೇಕದ ವ್ಯಾಪಾರ.

ಹಾಗಾಗಿ 2009ರಿಂದ ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್‌ನಲ್ಲಿ ವರ್ಷದ ಕೆಲವು ತಿಂಗಳು ತೆಪ್ಪದ ಬಳಿ ಬಲೆ ಹಾಕುವಂತಿಲ್ಲ. ಹಲವು ವರ್ಷ ಜುಲೈನಿಂದ ಮೂರು ತಿಂಗಳಿತ್ತು. 2024ರಿಂದ ಒಂದೂವರೆ ತಿಂಗಳಿಗೆ ಇಳಿಸಿದ್ದಾರೆ. ಬೇಟೆ ನಿಲ್ಲುವುದಿಲ್ಲ, ತೆಪ್ಪವಿಲ್ಲದೆ ಓಡಾಡುವ ಹಿಂಡನ್ನು ಬೆನ್ನಟ್ಟಿ ಹಿಡಿಯಬೇಕು. ಪೂರ್ವ ಪೆಸಿಫಿಕ್‌ನಲ್ಲಿ ಕ್ರಮ ಇನ್ನೂ ಬಿಗಿ. 1949ರಷ್ಟು ಹಿಂದೆಯೇ ಹುಟ್ಟಿದ ಅಲ್ಲಿನ ಆಯೋಗ 2018ರಿಂದ ಹಲವು ವರ್ಷ ದೊಡ್ಡ ಪರ್ಸೀನ್ ಹಡಗುಗಳಿಗೆ 72 ದಿನ ಪೂರ್ತಿ ರಜೆ ಹಾಕಿತು. ಜುಲೈ 29ರಿಂದ ಅಕ್ಟೋಬರ್ 8, ಇಲ್ಲವೇ ನವೆಂಬರ್ 9ರಿಂದ ಜನವರಿ 19, ಎರಡರಲ್ಲಿ ಒಂದನ್ನು ಆಯ್ದುಕೊಳ್ಳಬಹುದಿತ್ತು. ಎಲ್ಲರೂ ಒಟ್ಟಿಗೆ ನಿಂತರೆ ಎಕ್ವಡಾರಿನ ಮಾಂಟಾ ಬಂದರಿನ ಕಾರ್ಖಾನೆಗಳಿಗೆ ಮೀನಿಲ್ಲದೆ ಕೂಲಿಯವರ ಒಲೆ ಆರುತ್ತದೆ, ಅದಕ್ಕೇ ಈ ಪಾಳಿ. ಎರಡು ರಜೆಗಳ ನಡುವೆ ಉಳಿಯುವ ಒಂದು ತಿಂಗಳಿಗೂ ಅವರು ಕೆಲಸ ಕೊಟ್ಟಿದ್ದಾರೆ. ಅಕ್ಟೋಬರ್ 9ರಿಂದ ನವೆಂಬರ್ 8ರವರೆಗೆ ಗಲಪಗೋಸ್‌ನ ಪಶ್ಚಿಮಕ್ಕೆ ಭೂಪಟದಲ್ಲಿ ಒಂದು ಚೌಕ ಬರೆದು ಅದಕ್ಕೆ ಯಾರೂ ಬಲೆ ಹಾಕಬೇಡಿ ಎನ್ನುತ್ತಾರೆ. ಸ್ಪ್ಯಾನಿಷ್ ಮಾತಾಡುವ ನಾವಿಕರ ಬಾಯಲ್ಲಿ ಅದು ‘ಕೊರಲಿತೊ’, ಚಿಕ್ಕ ದೊಡ್ಡಿ. ರೇಖಾಂಶ 96ರಿಂದ 110 ಪಶ್ಚಿಮ, ಅಕ್ಷಾಂಶ 4 ಉತ್ತರದಿಂದ 3 ದಕ್ಷಿಣ. ಗುಣಿಸಿ ನೋಡಿದರೆ ಈ ‘ಚಿಕ್ಕ’ ದೊಡ್ಡಿಯ ವಿಸ್ತಾರ ಹನ್ನೆರಡು ಲಕ್ಷ ಚದರ ಕಿಲೊಮೀಟರ್. ಆರು ಕರ್ನಾಟಕಗಳು ಅದರಲ್ಲಿ ಕೂತು ಮೇಲೆ ಸ್ವಲ್ಪ ಜಾಗ ಉಳಿಯುತ್ತದೆ. ಬೇಲಿಯಿಲ್ಲ, ಕಾವಲುಗಾರನಿಲ್ಲ, ಪ್ರತಿ ಹಡಗಿನ ಮೇಲೂ ಆಕಾಶದ ಕಣ್ಣಿದೆ.

ಹಿಂದೂ ಮಹಾಸಾಗರ ನಮ್ಮದು, ಇಲ್ಲಿಯ ಸುದ್ದಿ ಅಷ್ಟು ಹೊಳೆಯುವುದಿಲ್ಲ. ಇಲ್ಲಿಯ ಟ್ಯೂನಾ ಆಯೋಗದ ಕಚೇರಿ ಸೆಶೆಲ್ಸ್‌ನಲ್ಲಿದೆ, ಭಾರತ ಅದರ ಸದಸ್ಯ. ಯೆಲ್ಲೋಫಿನ್ ಸಂತತಿ ಮಿತಿಮೀರಿ ಕುಗ್ಗಿದೆ ಎಂದು 2015ರಲ್ಲಿ ವಿಜ್ಞಾನಿಗಳು ಹೇಳಿದ ಮೇಲೆ, 2017ರಿಂದ ದೊಡ್ಡ ಪರ್ಸೀನ್ ದೇಶಗಳು 2014ರ ಪ್ರಮಾಣಕ್ಕಿಂತ ಶೇಕಡ 15 ಕಡಿಮೆ ಹಿಡಿಯಬೇಕೆಂದಾಯಿತು. ಅವರು ಒಂದಿಷ್ಟು ಇಳಿಸಿದರು, ಬೇರೆಯವರು ಏರಿಸಿದರು, ಒಟ್ಟು ಮೊತ್ತ ಇಳಿಯಲಿಲ್ಲ. 2021ರಲ್ಲಿ ನಿಯಮವನ್ನು ಬಿಗಿಗೊಳಿಸಿದಾಗ ಆಕ್ಷೇಪ ಬರೆದುಕೊಟ್ಟ ದೇಶಗಳಲ್ಲಿ ಭಾರತವೂ ಒಂದು. ನಮ್ಮ ವಾದಕ್ಕೆ ತಳಹದಿ ಇಲ್ಲದಿಲ್ಲ. ಲಕ್ಷದ್ವೀಪದವರು ಜೀವಂತ ಚಿಕ್ಕ ಮೀನನ್ನು ನೀರಿಗೆ ಎರಚಿ, ಕೋಲಿಗೆ ಕಟ್ಟಿದ ಗಾಳದಿಂದ ಟ್ಯೂನಾವನ್ನು ಒಂದೊಂದಾಗಿ ಎತ್ತುವವರು. ಬೇಯಿಸಿ, ಹೊಗೆಗಿಟ್ಟು, ಒಣಗಿಸಿ ‘ಮಾಸ್’ ಮಾಡಿ ಮಾರುವವರು. ಆ ದ್ವೀಪಗಳಲ್ಲಿ ಅಮೀನಿ ಗುಂಪು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಕೋಲು ಹಿಡಿದವನಿಗೂ ನೂರು ಮೀಟರ್ ಉದ್ದದ ಸ್ಪ್ಯಾನಿಷ್ ಹಡಗಿಗೂ ಒಂದೇ ಶೇಕಡಾವಾರು ಕತ್ತರಿ ಹಾಕಿದರೆ ಅದು ನ್ಯಾಯವೇ ಎಂದು ಕೇಳಬಹುದು. ಆದರೆ ಭಾರತದ ಟ್ಯೂನಾ ಎಲ್ಲವೂ ಕೋಲಿನ ಗಾಳದಿಂದ ಬರುತ್ತಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

2023ರ ಫೆಬ್ರವರಿಯಲ್ಲಿ ಮೊಂಬಾಸಾದ ಸಭೆಯಲ್ಲಿ ಈ ಆಯೋಗವೂ ತೆಪ್ಪಗಳಿಗೆ ವರ್ಷಕ್ಕೆ 72 ದಿನ ರಜೆ ಎಂದು ಮತ ಹಾಕಿ ತೀರ್ಮಾನಿಸಿತು. ಈ ಆಯೋಗದ ಕಟ್ಟಳೆಯಲ್ಲಿ ಒಂದು ಕಿಂಡಿಯಿದೆ: ತೀರ್ಮಾನ ಇಷ್ಟವಿಲ್ಲದವರು ಆಕ್ಷೇಪ ಬರೆದುಕೊಟ್ಟರೆ ಅದು ಅವರಿಗೆ ಅನ್ವಯಿಸುವುದಿಲ್ಲ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸದಸ್ಯರು ಬರೆದುಕೊಟ್ಟರೆ ಯಾರಿಗೂ ಅನ್ವಯಿಸುವುದಿಲ್ಲ. ಯುರೋಪಿಯನ್ ಒಕ್ಕೂಟ, ಸೆಶೆಲ್ಸ್ ಮೊದಲಾದವರು ಬರೆದುಕೊಟ್ಟರು. ಮೂರನೇ ಒಂದು ಭಾಗ ದಾಟಿತು, 72 ದಿನಗಳು ಅಳಿಸಿಹೋದವು. ಮರುವರ್ಷ, 2024ರಲ್ಲಿ, ವಿಜ್ಞಾನಿಗಳು ಯೆಲ್ಲೋಫಿನ್ ಲೆಕ್ಕವನ್ನು ಹೊಸದಾಗಿ ಹಾಕಿದರು. ಈ ಸಲದ ಉತ್ತರ: ಸಂತತಿ ಕುಗ್ಗಿಲ್ಲ, ಬೇಟೆಯೂ ಮಿತಿ ಮೀರಿಲ್ಲ. ಹಳೆಯ ದಾಖಲೆಗಳನ್ನು ಪರಿಷ್ಕರಿಸಿದ್ದರು, ಮೀನಿನ ಹೇರಳತೆ ಅಳೆಯುವ ಸೂಚ್ಯಂಕಗಳನ್ನೂ ಬದಲಾಯಿಸಿದ್ದರು. ಹೆಚ್ಚಿದ್ದು ನೀರಿನೊಳಗಿನ ಮೀನೋ, ಕಾಗದದ ಮೇಲಿನ ಮೀನೋ ಎಂಬ ವಾದ ಆಯೋಗದ ಸಭೆಗಳಲ್ಲಿ ಇನ್ನೂ ಮುಗಿದಿಲ್ಲ.